ಹಳೇ ಕಟ್ಟಡಕ್ಕೆ ಸುತ್ತಿಗೆ ಹಾಕುವ ಮೊದಲು: ಪಾರಂಪರಿಕ ಮೌಲ್ಯಮಾಪನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಮನೆ, ಅಂಗಡಿ, ಶಾಲೆ, ಛತ್ರಗಳ ರಿಪೇರಿಗೆ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಹೆಚ್ಚಿನವರು ಕಂಟ್ರಾಕ್ಟರ್ ಎಸ್ಟಿಮೇಟ್ ಕೊಟ್ಟ ಮೇಲೆ ಕೇಳುತ್ತಾರೆ. ಎಸ್ಟಿಮೇಟಿಗೂ ಮುಂಚೆ ಕೇಳಬೇಕಾದವು ಇವು. ಉತ್ತರಗಳನ್ನು ಕರ್ನಾಟಕದ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ.

ನಮ್ಮದು ಅಜ್ಜನ ಕಾಲದ ಸಾಧಾರಣ ಮನೆ, ಅರಮನೆಯೇನಲ್ಲ. ಇದಕ್ಕೂ ಮೌಲ್ಯಮಾಪನ ಬೇಕೇ?

ಬೇಕು. ಅರಮನೆಗಳಿಗೆ ಹೇಳೋರು ಕೇಳೋರು ಇರುತ್ತಾರೆ. ಮಲೆನಾಡಿನ ಚೌಕಿ ಮನೆ, ಮೈಸೂರು ಸೀಮೆಯ ತೊಟ್ಟಿ ಮನೆ, ಕೊಡಗಿನ ಐನ್‌ಮನೆ, ತುಳುನಾಡಿನ ಗುತ್ತಿನ ಮನೆ, ಉತ್ತರ ಕರ್ನಾಟಕದ ವಾಡೆ, ಬೆಂಗಳೂರಿನ ಮಂಕಿ ಟಾಪ್ (ಕಿಟಕಿ, ಮುಂಬಾಗಿಲ ಮೇಲಿನ ಮರದ ಚೂಪು ಮುಚ್ಚಿಗೆ) ಬಂಗಲೆ ಇವುಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ. ಒಂದು ದಿನ ಜೆಸಿಬಿ ಬಂದು ನಿಂತಾಗಲೇ ಬೀದಿಯವರಿಗೆ ಗೊತ್ತಾಗುವುದು.

ಮೌಲ್ಯಮಾಪನ ಎಂದರೆ ‘ಏನನ್ನೂ ಮುಟ್ಟಬೇಡಿ’ ಎಂಬ ಫರ್ಮಾನು ಎಂದು ಬಹಳ ಜನ ಹೆದರುತ್ತಾರೆ. ಎಲ್ಲಿ ಕೈ ಹಾಕಬಹುದು, ಎಲ್ಲಿ ಹಾಕಬಾರದು ಎಂದು ಗುರುತು ಮಾಡುವ ಕೆಲಸ ಅದು. ಒಳ್ಳೆಯ ವರದಿಯಲ್ಲಿ ‘ಈ ಗೋಡೆ ಹೋದರೆ ನಷ್ಟವಿಲ್ಲ, ಧಾರಾಳವಾಗಿ ಒಡೆಯಿರಿ’ ಎಂಬ ಸಾಲುಗಳೂ ಇರಬೇಕು. ಇಲ್ಲದಿದ್ದರೆ ಬರೆದವರು ಮನೆಯನ್ನು ಸರಿಯಾಗಿ ನೋಡಿಲ್ಲ ಎಂದೇ ಅರ್ಥ.

ಪಾರಂಪರಿಕ ಮೌಲ್ಯವನ್ನು ಅಳೆಯುವುದು ಹೇಗೆ? ಹಳೆಯದಾಗಿದ್ದರೆ ಸಾಲದೇ?

ವಯಸ್ಸು ಒಂದು ಅಂಶ ಮಾತ್ರ. ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಚೌಕಟ್ಟು ಬರ್ರಾ ಚಾರ್ಟರ್. ಸ್ಮಾರಕಗಳ ರಕ್ಷಣೆಗಿರುವ ಅಂತರರಾಷ್ಟ್ರೀಯ ಮಂಡಳಿ ಇಕೊಮೊಸ್‌ನ ಆಸ್ಟ್ರೇಲಿಯಾ ಘಟಕ 1979ರಲ್ಲಿ ಒಪ್ಪಿಕೊಂಡ ಈ ಸನ್ನದು 2013ರಲ್ಲಿ ಪರಿಷ್ಕೃತವಾಯಿತು. ಸೌಂದರ್ಯ, ಇತಿಹಾಸ, ವೈಜ್ಞಾನಿಕ ಮಹತ್ವ, ಸಾಮಾಜಿಕ ನಂಟು, ಆಧ್ಯಾತ್ಮಿಕ ನಂಟು ಎಂಬ ಐದು ಕೋನಗಳಿಂದ ಜಾಗವನ್ನು ನೋಡಿ ಎನ್ನುತ್ತದೆ. ನಮ್ಮಲ್ಲಿ ಕಲೆ, ಪರಂಪರೆಗಳ ರಕ್ಷಣೆಗೆ ದುಡಿಯುವ ಇನ್‌ಟ್ಯಾಕ್ ಸಂಸ್ಥೆ 2004ರಲ್ಲಿ ತನ್ನದೇ ಸನ್ನದನ್ನು ಹೊರತಂದಿತು. ಸರ್ಕಾರದ ರಕ್ಷಣೆಯಿಲ್ಲದ, ಜನ ಇನ್ನೂ ಬಳಸುತ್ತಿರುವ ಕಟ್ಟಡಗಳಿಗೂ ಅವನ್ನು ಕಟ್ಟಬಲ್ಲ ಕುಶಲಕರ್ಮಿಗಳ ವಿದ್ಯೆಗೂ ಅದರಲ್ಲಿ ಜಾಗವಿದೆ. ನಮ್ಮ ಮನೆಗಳಿಗೆ ಇದು ಹೆಚ್ಚು ಹೊಂದುತ್ತದೆ.

ಒಂದು ಉದಾಹರಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟು ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಹೊರಟರು. ಅಲ್ಲಿನ ಹಳೇ ಮನೆಗಳ ಸುತ್ತ ಖಾಲಿ ಜಾಗ, ದೊಡ್ಡ ಕಿಟಕಿ, ಹಿಂದೆ ಕನ್ಸರ್ವೆನ್ಸಿ ಗಲ್ಲಿಗೆ (ಮಲ ಸಾಗಿಸಲು ಮನೆಗಳ ಹಿಂದೆ ಬಿಟ್ಟ ಓಣಿ) ತೆರೆಯುವ ಪುಟ್ಟ ಬಾಗಿಲು ಕಾಣುತ್ತೀರಿ. ಮುಂದಿನ ಮಂಕಿ ಟಾಪ್ ಮರಗೆಲಸ ಚೆಂದ, ಎಲ್ಲರೂ ಫೋಟೋ ತೆಗೆಯುತ್ತಾರೆ. ಹಿಂದಿನ ಆ ಬಾಗಿಲಲ್ಲಿ ಚೆಂದವೇನೂ ಇಲ್ಲ. ಆದರೆ ಒಂದು ಊರು ರೋಗಕ್ಕೆ ಹೆದರಿ ತನ್ನ ನಕ್ಷೆಯನ್ನೇ ಬದಲಿಸಿಕೊಂಡದ್ದಕ್ಕೂ, ಮಲ ಹೊರುವವರನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಹಿಂದಿನಿಂದಲೇ ಕೆಲಸ ಮಾಡಿಸಿಕೊಂಡದ್ದಕ್ಕೂ ಅದು ಸಾಕ್ಷಿ. ಸೌಂದರ್ಯದ ಕೋನದಲ್ಲಿ ಸೊನ್ನೆ, ಇತಿಹಾಸದ ಕೋನದಲ್ಲಿ ಪೂರ್ಣಾಂಕ. ಕಂಟ್ರಾಕ್ಟರ್ ಮೊದಲು ಮುಚ್ಚುವುದು ಅದನ್ನೇ.

ಕಟ್ಟಡದ ವಯಸ್ಸು ಪತ್ತೆ ಮಾಡುವುದು ಹೇಗೆ? ಮನೆಯವರು ಇನ್ನೂರು ವರ್ಷ ಅನ್ನುತ್ತಾರೆ.

ಮನೆಯವರು ಹೇಳುವ ಇನ್ನೂರು ವರ್ಷ ಪರಿಶೀಲಿಸಿದಾಗ ಎಷ್ಟೋ ಸಲ ನೂರಿಪ್ಪತ್ತರ ಹತ್ತಿರ ಬಂದು ನಿಲ್ಲುತ್ತದೆ. ಬೇಸರ ಬೇಡ. ಕಟ್ಟಡವೇ ಬಹಳಷ್ಟು ಹೇಳುತ್ತದೆ.

ಮೊದಲು ಮಾಡಿನಿಂದ ಒಂದು ಹೆಂಚು ಇಳಿಸಿ ಮಗುಚಿ ನೋಡಿ. ಮಂಗಳೂರು ಹೆಂಚಿನ ಮೇಲೆ ಕಾರ್ಖಾನೆಯ ಹೆಸರು, ಗುರುತು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಆದ್ದರಿಂದ ಆ ಹೆಂಚು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೆಂಚಿನ ವಯಸ್ಸೇ ಗೋಡೆಯ ವಯಸ್ಸು ಎಂದುಕೊಳ್ಳಬೇಡಿ. ಹುಲ್ಲಿನ ಅಥವಾ ನಾಡಹೆಂಚಿನ ಮಾಡು ತೆಗೆದು ಮಂಗಳೂರು ಹೆಂಚು ಹೊದಿಸಿದ ಮನೆಗಳು ಲೆಕ್ಕವಿಲ್ಲದಷ್ಟಿವೆ. ಅಟ್ಟ ಹತ್ತಿ ಟಾರ್ಚ್ ಹಾಕಿದರೆ ಹಳೇ ಮಾಡಿನ ಓರೆ ಗೋಡೆಯ ಮೇಲೆ ಗೀಟಿನಂತೆ ಉಳಿದಿರುತ್ತದೆ. ತೊಲೆಗಳಲ್ಲಿ ಈಗ ಯಾವುದಕ್ಕೂ ಕೂರದ ಕಚ್ಚುಗಳಿರುತ್ತವೆ.

ಚಾವಣಿಯಲ್ಲಿ ಕಬ್ಬಿಣದ ತೊಲೆಗಳಿದ್ದರೆ ಅವುಗಳ ಪಕ್ಕೆ ನೋಡಿ. ಡಾರ್ಮನ್ ಲಾಂಗ್ ಎಂಬ ಅಚ್ಚು ಕಂಡರೆ ಅದು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಉಕ್ಕು. ಆ ಕಂಪನಿ ಶುರುವಾದದ್ದು 1875ರಲ್ಲಿ. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ್ದರೆ ಅದು ಮದ್ರಾಸ್ ತಾರಸಿ. ಒಂದೇ ಮನೆಯಲ್ಲಿ ಮುಂದೆ ಕಬ್ಬಿಣ, ಹಿಂದೆ ಮರ ಇದ್ದರೆ ಎರಡು ಕಾಲದ ಕಟ್ಟಡ ಎಂದು ಅನುಮಾನಿಸಿ.

ಬಣ್ಣದ ಪದರ ನೋಡುವುದು ಇನ್ನೊಂದು ದಾರಿ. ಬಾಗಿಲು ಚೌಕಟ್ಟಿನ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಹರಿತವಾದ ಬ್ಲೇಡಿನಿಂದ ಎರಡಂಗುಲ ಚೌಕವನ್ನು ಮೆಟ್ಟಿಲು ಮೆಟ್ಟಿಲಾಗಿ ಕೆರೆಯಿರಿ. ಮೇಲೆ ಕಂದು ಎನಾಮಲ್, ಕೆಳಗೆ ಹಸಿರು, ಅದರಡಿ ಇನ್ನೊಂದು ಹಸಿರು, ಕೊನೆಗೆ ಎಣ್ಣೆ ಕುಡಿದ ಬರಿ ಮರ. ಗೋಡೆಯಲ್ಲೂ ಹಾಗೆಯೇ ಪ್ಲಾಸ್ಟಿಕ್ ಪೇಂಟ್, ಡಿಸ್ಟೆಂಪರ್, ಆಮೇಲೆ ನೀಲಿ ಬೆರೆಸಿದ ಸುಣ್ಣ. ಪಕ್ಕದ ಕೋಣೆಯ ಗೋಡೆಯಲ್ಲಿ ಎರಡೇ ಪದರ ಸಿಕ್ಕರೆ ಆ ಗೋಡೆ ತಡವಾಗಿ ಬಂದದ್ದು. ಕರಾವಳಿಯಲ್ಲಾದರೆ ಸುಣ್ಣದಡಿ ಕಾವಿ ಚಿತ್ತಾರ ಸಿಗುವ ಸಾಧ್ಯತೆಯಿದೆ. ಕೆಂಪು ಕಂಡ ತಕ್ಷಣ ಕೆರೆಯುವುದನ್ನು ನಿಲ್ಲಿಸಿ.

ಕಾಗದಪತ್ರಗಳ ಕಡೆಗೆ ಬಂದರೆ ಹಳೇ ವಿಭಾಗಪತ್ರ, ಕ್ರಯಪತ್ರ, ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಕಡೆ ಸಿಟಿ ಸರ್ವೆ ದಾಖಲೆ, ರಾಜ್ಯ ಪತ್ರಾಗಾರದ ಕಡತಗಳು ಸಹಾಯಕ್ಕೆ ಬರುತ್ತವೆ. ವಿಭಾಗಪತ್ರದಲ್ಲಿ ‘ಪೂರ್ವದ ಪಡಸಾಲೆ, ದನದ ಕೊಟ್ಟಿಗೆ, ಬಾವಿಯ ಹಕ್ಕು’ ಎಂದು ಕೋಣೆ ಕೋಣೆಯ ವಿವರ ಇರುವುದುಂಟು. ಇವೆಲ್ಲಕ್ಕಿಂತ ಉಪಯುಕ್ತ ದಾಖಲೆ ಮದುವೆ ಫೋಟೋ. ಚಪ್ಪರದಡಿ ನಿಂತ ಬೀಗರ ಹಿಂದೆ ಜಗಲಿ, ಕಂಬ, ಕಟಾಂಜನ ಎಲ್ಲ ಸ್ಪಷ್ಟವಾಗಿ ಬಂದಿರುತ್ತವೆ, ತಾರೀಖೂ ಎಲ್ಲರಿಗೆ ನೆನಪಿರುತ್ತದೆ.

ಯಾವ ಭಾಗ ಮುಖ್ಯ, ಯಾವುದು ಅಲ್ಲ ಎಂದು ವಿಂಗಡಿಸುವುದು ಹೇಗೆ?

ಮನೆಯ ಅಳತೆ ನಕ್ಷೆ ಬರೆಸಿ, ನಾಲ್ಕು ಬಣ್ಣದ ಪೆನ್ಸಿಲ್ ಹಿಡಿದು ಕೋಣೆ ಕೋಣೆ ಸುತ್ತಿ. ಇದಿಲ್ಲದಿದ್ದರೆ ಮನೆ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಒಂದು ಬಣ್ಣ, ಮಹತ್ವದ್ದು ಆದರೆ ಸ್ವಲ್ಪ ಬದಲಾವಣೆ ತಡೆದುಕೊಳ್ಳುತ್ತದೆ ಎಂಬುದಕ್ಕೆ ಒಂದು, ಇದ್ದರೂ ಹೋದರೂ ಅಷ್ಟೇ ಎಂಬುದಕ್ಕೆ ಒಂದು, ಇರುವುದೇ ಮನೆಗೆ ಹಾನಿ ಎಂಬುದಕ್ಕೆ ಒಂದು. ಕೊನೆಯದಕ್ಕೆ ಉದಾಹರಣೆ ಗೋಡೆಗೆ ಒತ್ತಿ ಕಟ್ಟಿದ, ಸದಾ ಸೋರುವ ನೀರಿನ ತೊಟ್ಟಿ.

ಹೀಗೆ ಸುತ್ತುವಾಗ ಕೆತ್ತನೆಯ ಕಂಬ, ಬೋದಿಗೆ, ಬಾಗಿಲುವಾಡದ ಗಜಲಕ್ಷ್ಮಿ ಮೊದಲು ಕಣ್ಣಿಗೆ ಬೀಳುತ್ತವೆ. ಅವನ್ನು ಬರೆದುಕೊಳ್ಳಿ, ಆದರೆ ಅಲ್ಲೇ ನಿಲ್ಲಬೇಡಿ. ತೊಟ್ಟಿ ಮನೆಯ ನಿಜವಾದ ಆಸ್ತಿ ಅದರ ವಿನ್ಯಾಸ. ಬೀದಿಯಿಂದ ಜಗಲಿ, ಜಗಲಿಯಿಂದ ಪಡಸಾಲೆ, ನಡುವೆ ತೊಟ್ಟಿ (ಮೇಲೆ ತೆರೆದ ಒಳಾಂಗಳ), ಆಚೆಗೆ ನಡುಮನೆ, ಅಡುಗೆಮನೆ, ಹಿತ್ತಲು. ಯಾರು ಎಲ್ಲಿಯವರೆಗೆ ಬರಬಹುದಿತ್ತು ಎಂಬ ಲೆಕ್ಕ ಅದರಲ್ಲಿದೆ. ಒಪ್ಪುವಂಥದ್ದೂ ಇದೆ, ಒಪ್ಪಲಾಗದ್ದೂ ಇದೆ. ಅದರ ಜತೆಗೆ ಬೆಳಕು, ಗಾಳಿ, ಮಳೆನೀರು ಓಡಾಡುವ ದಾರಿಯೂ ಇದೆ. ಕೆತ್ತನೆಯ ಕಂಬ ಉಳಿಸಿ ವಿನ್ಯಾಸ ಕೆಡಿಸಿದರೆ ಕೈಯಲ್ಲಿ ಉಳಿಯುವುದು ಹೋಟೆಲ್ ಲಾಬಿ.

ತೊಟ್ಟಿಯ ಮೇಲೆ ಗಾಜು ಅಥವಾ ಪಾಲಿಕಾರ್ಬೊನೇಟ್ ಶೀಟ್ ಹಾಕಬಹುದೇ? ಮಳೆ ಒಳಗೆ ಬರುತ್ತದೆ, ಕಳ್ಳರ ಭಯವೂ ಇದೆ.

ಹಾಕಬಹುದು. ಆದರೆ ತೊಟ್ಟಿ ಮನೆಯ ಬಿಸಿಗಾಳಿ ಹೊರಹೋಗುವ ಬಾಯಿ ಅದು. ಪೂರ್ತಿ ಮುಚ್ಚಿದರೆ ಬೇಸಿಗೆಯಲ್ಲಿ ಪಡಸಾಲೆ ಕುದಿಯುತ್ತದೆ, ಆಮೇಲೆ ಎಸಿ ಕೇಳುತ್ತೀರಿ. ಮಾಡಿನ ಅಂಚಿಗಿಂತ ಒಂದೆರಡು ಅಡಿ ಎತ್ತರಿಸಿ, ನಾಲ್ಕೂ ಕಡೆ ಗಾಳಿ ಆಡುವಂತೆ ಬಿಟ್ಟು, ಹಳೇ ತೊಲೆಗೆ ತೂತು ಕೊರೆಯದೆ ನಿಲ್ಲಿಸಿ. ನಾಳೆ ಯಾರಾದರೂ ಬೇಡವೆಂದರೆ ಬೋಲ್ಟ್ ಬಿಚ್ಚಿ ತೆಗೆಯುವಂತಿರಲಿ. ಕಳ್ಳರಿಗೆ ಕಬ್ಬಿಣದ ಜಾಲರಿ ಸಾಕು.

ಬಾತ್‌ರೂಮು, ಮಾಡ್ಯುಲರ್ ಕಿಚನ್, ಲಿಫ್ಟ್ ಬೇಕೇ ಬೇಕು. ವಯಸ್ಸಾದವರಿದ್ದಾರೆ.

ಖಂಡಿತ ಮಾಡಿ. ವಾಸಿಸಲು ಆಗದ ಮನೆಯನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ‘ಅಗತ್ಯವಿರುವಷ್ಟು ಬದಲಿಸಿ, ಸಾಧ್ಯವಾದಷ್ಟು ಕಡಿಮೆ ಬದಲಿಸಿ’ ಎಂಬುದು ಬರ್ರಾ ಚಾರ್ಟರಿನ ಸಾರ. ನೀರಿನ ಕೆಲಸವೆಲ್ಲ ನಕ್ಷೆಯಲ್ಲಿ ಮೂರನೇ ಬಣ್ಣ (ಇದ್ದರೂ ಹೋದರೂ ಅಷ್ಟೇ) ಬಳಿದ ಕೋಣೆಗಳಿಗೆ ಹೋಗಲಿ. ಹಿತ್ತಿಲ ಕಡೆ ಹೊಸದಾಗಿ ಕಟ್ಟಿದರೆ ಇನ್ನೂ ಒಳ್ಳೆಯದು. ಮದ್ರಾಸ್ ತಾರಸಿಯ ಮೇಲೆ ಅಥವಾ ಮರದ ಅಟ್ಟದ ಮೇಲೆ ಶೌಚಾಲಯ ಮಾತ್ರ ಬೇಡ. ಸಣ್ಣ ಸೋರಿಕೆ ಕೆಳಗೆ ಕಾಣುವ ಹೊತ್ತಿಗೆ ಜಂತೆ ಕೊಳೆತು ಹೋಗಿರುತ್ತದೆ.

ಎಂಜಿನಿಯರ್ ಬಂದು ನೋಡಿ ‘ಶಿಥಿಲವಾಗಿದೆ, ಕೆಡವಿ’ ಎಂದರು. ಏನು ಮಾಡುವುದು?

ಭಯ ಸುಳ್ಳಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ಆಮೇಲೆ ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಒಂದು ಸಮಿತಿ ಹೀಗೆಂದರೆ ಇನ್ನೊಂದು ಹಾಗೆಂದಿತು. ಎರಡೂ ಕಟ್ಟಡಗಳನ್ನು ಕಾಲಕಾಲಕ್ಕೆ ನೋಡಿ ಬರೆದಿಟ್ಟ ವರದಿ ಇದ್ದಿದ್ದರೆ ವಾದ ಅಷ್ಟು ಎಳೆಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಎಂಜಿನಿಯರ್ ಮಾತನ್ನು ತಳ್ಳಿಹಾಕಬೇಡಿ, ಬರವಣಿಗೆಯಲ್ಲಿ ಕೇಳಿ. ಯಾವ ಗೋಡೆ, ಯಾವ ತೊಲೆ, ಯಾವ ಪರೀಕ್ಷೆ ಮಾಡಿದಿರಿ? ಸಿಮೆಂಟ್ ಕಾಂಕ್ರೀಟ್ ಮಾತ್ರ ಓದಿ ಬಂದವರಿಗೆ ಗಾರೆಗೋಡೆ ಕಂಡರೆ ನಂಬಿಕೆ ಬರುವುದಿಲ್ಲ. ಎರಡೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಕಬ್ಬಿಣದ ಸರಳು ಎಲ್ಲಿ ಎಂದು ಹುಡುಕುವವರಿದ್ದಾರೆ. ಹಳೇ ಕಟ್ಟಡಗಳ ಮೇಲೆ ಕೆಲಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಅವರಿಂದ ಇನ್ನೊಂದು ಅಭಿಪ್ರಾಯ ಪಡೆಯಿರಿ.

ನೀವೇ ನೋಡಬಹುದಾದ ಕೆಲವು ಇವೆ. ಬಿರುಕಿನ ಮೇಲೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಸಣ್ಣ ಪಟ್ಟಿ ಮೆತ್ತಿ, ಮೇಲೆ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಪಟ್ಟಿ ಒಡೆಯದಿದ್ದರೆ ಬಿರುಕು ಎಂದೋ ಮಲಗಿದ ಹಳೆಯದು. ಒಡೆದರೆ ಎಷ್ಟು ಅಗಲಕ್ಕೆ ಒಡೆದಿದೆ ಎಂದು ಅಳೆದು ಎಂಜಿನಿಯರ್‌ಗೆ ಕೊಡಿ. ತೊಲೆಯನ್ನು ನಡುವೆ ತಟ್ಟಿ ನೋಡಿ ಸಮಾಧಾನಪಡಬೇಡಿ. ಗೋಡೆಯೊಳಗೆ ಹುದುಗಿದ ತುದಿಯೇ ಮೊದಲು ಕೊಳೆಯುವುದು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತೋ, ಆ ತುದಿ ಹೋಯಿತು. ಆಗಲೂ ಇಡೀ ತೊಲೆ ಬದಲಿಸಬೇಕೆಂದಿಲ್ಲ. ಕೊಳೆತಷ್ಟನ್ನು ಕತ್ತರಿಸಿ ಹೊಸ ಮರ ಬೆಸೆಯುವ ಆಚಾರಿಗಳು ಇನ್ನೂ ಇದ್ದಾರೆ. ಮೇಲಿಂದ ಮಣ್ಣು ಉದುರುತ್ತಿದ್ದರೆ, ಗೋಡೆ ಹೊಟ್ಟೆ ಉಬ್ಬಿಸಿಕೊಂಡಿದ್ದರೆ ಮಾತ್ರ ಈ ಪ್ರಯೋಗ ಬಿಟ್ಟು ಮೊದಲು ಆ ಕೋಣೆ ಖಾಲಿ ಮಾಡಿ ಆಸರೆ ಕಂಬ ಕೊಡಿಸಿ.

ಗೋಡೆ ತೇವ ಹಿಡಿದು ಗಾರೆ ಉದುರುತ್ತಿದೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿಬಿಡಲೇ? ಇದಕ್ಕೂ ಮೌಲ್ಯಮಾಪನಕ್ಕೂ ಏನು ಸಂಬಂಧ?

ಸಂಬಂಧ ಇದೆ. ಸುಣ್ಣದ ಗಾರೆ, ಮಣ್ಣು, ಜಂಬಿಟ್ಟಿಗೆ ಇವೆಲ್ಲ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುವ ವಸ್ತುಗಳು. ಮೇಲೆ ಸಿಮೆಂಟ್ ಬಳಿದರೆ ನೀರು ಹೊರಬರಲು ದಾರಿಯಿಲ್ಲದೆ ಗೋಡೆಯೊಳಗೇ ಮೇಲಕ್ಕೆ ಏರುತ್ತದೆ. ಅದರಲ್ಲಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ಪುಡಿ ಮಾಡುತ್ತದೆ. ಎರಡು ಅಡಿ ಎತ್ತರದಲ್ಲಿದ್ದ ತೇವ ಕೆಲ ವರ್ಷಗಳಲ್ಲಿ ನಾಲ್ಕಡಿಗೆ ಬಂದಿದ್ದರೆ ಕೆಳಗೆ ಯಾರೋ ಸಿಮೆಂಟ್ ಹಾಕಿದ್ದಾರೆ ಎಂದೇ ಲೆಕ್ಕ. ಬೀಗದ ಕೈಯಿಂದ ಗೀರಿ ನೋಡಿ, ಹಿಟ್ಟಾಗಿ ಉದುರಿದರೆ ಗಾರೆ, ಕೈಯೇ ಜಾರಿದರೆ ಸಿಮೆಂಟು.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಒಡೆದ ಅಡ್ಡದೋಣಿ, ಕಟ್ಟಿಕೊಂಡ ಚರಂಡಿ, ವರ್ಷ ವರ್ಷ ಟಾರು ಹಾಕಿ ಹೊಸ್ತಿಲಿಗಿಂತ ಮೇಲೆ ಬಂದ ರಸ್ತೆ, ಅಂಗಳಕ್ಕೆ ಹಾಸಿದ ಇಂಟರ್‌ಲಾಕ್ ಇವೇ ಸಾಮಾನ್ಯ ಅಪರಾಧಿಗಳು. ಆಮೇಲೆ ಸುಣ್ಣ, ಮರಳು, ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಬೆಲ್ಲ, ಅಳಲೆಕಾಯಿ ನೀರು ಸೇರಿಸುವ ಹಳೇ ಪದ್ಧತಿ ಗೊತ್ತಿರುವ ಮೇಸ್ತ್ರಿ ಸಿಕ್ಕರೆ ಬಿಡಬೇಡಿ. ಮೌಲ್ಯಮಾಪನ ವರದಿಯಲ್ಲಿ ಮೂಲ ಗಾರೆ ಎಲ್ಲೆಲ್ಲಿ ಉಳಿದಿದೆ ಎಂದು ಗುರುತು ಮಾಡಿಸಿ. ಹೊಸ ಗಾರೆಯ ಪಾಕಕ್ಕೆ ಅದೇ ಮಾದರಿ.

ನಂತರ ಸೇರಿಸಿದ ಭಾಗಗಳನ್ನೆಲ್ಲ ಕಿತ್ತು ಮನೆಯನ್ನು ‘ಮೂಲ ರೂಪಕ್ಕೆ’ ತರಬಹುದೇ?

ಯಾವ ವರ್ಷದ ಮೂಲ? 1890ರ ಮನೆಗೆ 1930ರಲ್ಲಿ ಬಂದ ರೆಡ್ ಆಕ್ಸೈಡ್ ನೆಲ, 1950ರ ಮೊಸಾಯಿಕ್ ಮೆಟ್ಟಿಲು ಕೂಡ ಈಗ ಮನೆಯ ಚರಿತ್ರೆಯೇ. ಸ್ಮಾರಕ ಸಂರಕ್ಷಣೆಯ ಬಗೆಗಿನ 1964ರ ವೆನಿಸ್ ಸನ್ನದು ಕೂಡ ಎಲ್ಲ ಕಾಲದ ಕೊಡುಗೆಗಳನ್ನೂ ಗೌರವಿಸಬೇಕು ಎಂದು ಹೇಳುತ್ತದೆ. ಸಾಕ್ಷ್ಯವಿಲ್ಲದೆ ಊಹಿಸಿ ಕಟ್ಟಿದ ‘ಹಳೇ’ ಜಗಲಿಗಿಂತ ನಿಜವಾದ ಮೊಸಾಯಿಕ್ ಮೇಲು.

ಮುಂಗೋಡೆ ಮಾತ್ರ ಉಳಿಸಿ ಹಿಂದೆ ಐದು ಮಹಡಿ ಕಟ್ಟಿದರೆ?

ಪೂರ್ತಿ ಕೆಡವುವುದಕ್ಕಿಂತ ಬೀದಿಗೆ ಲಾಭ, ಮನೆಗಲ್ಲ. ಬೇರೆ ಎಲ್ಲ ದಾರಿ ಮುಚ್ಚಿದ ಮೇಲಷ್ಟೇ ಇದನ್ನು ಯೋಚಿಸಿ.

ಕಾನೂನು ಏನು ಹೇಳುತ್ತದೆ? ಸ್ವಂತ ಮನೆಗೂ ಅನುಮತಿ ಬೇಕೇ?

ಮೊದಲು ಜಾಗ ನೋಡಿ. ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆ ರಕ್ಷಿಸಿದ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಿಂದ ಇದು ಬಿಗಿಯಾಯಿತು. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕೂ ಮೊದಲೇ ಇದ್ದ ಮನೆಯ ರಿಪೇರಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಿಯಂತ್ರಿತ ವಲಯದಲ್ಲಿ ಕಟ್ಟಲೂ ರಿಪೇರಿಗೂ ಅನುಮತಿ ಬೇಕು. ಶ್ರೀರಂಗಪಟ್ಟಣ, ಬಾದಾಮಿ, ಬೇಲೂರು, ವಿಜಯಪುರದಂಥ ಊರುಗಳಲ್ಲಿ ಓಣಿಗಟ್ಟಲೆ ಮನೆಗಳು ಈ ಗೆರೆಯೊಳಗೆ ಬರುತ್ತವೆ. ನಮ್ಮದು ಸ್ಮಾರಕವಲ್ಲ ಎಂಬ ವಾದ ಅಲ್ಲಿ ನಡೆಯದು.

ರಾಜ್ಯ ರಕ್ಷಿಸಿದ ಸ್ಮಾರಕಗಳಿಗೆ 1961ರ ಪ್ರತ್ಯೇಕ ಕಾಯ್ದೆಯಿದೆ. ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯಲ್ಲಿ ವಿಚಾರಿಸಿ. ಹಂಪಿ ಸುತ್ತಮುತ್ತ 2002ರ ಕಾಯ್ದೆಯಡಿ ಬಂದ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೇ ಬೇರೆ. ಇವ್ಯಾವುದೂ ಅನ್ವಯಿಸದಿದ್ದರೂ ನಗರ ಯೋಜನಾ ಪ್ರಾಧಿಕಾರದಲ್ಲಿ ನಿಮ್ಮ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದೆಯೇ ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಪಟ್ಟಿಗಳು ಇರುವ ಕಡೆ ಸಾಮಾನ್ಯವಾಗಿ ಮೂರು ಶ್ರೇಣಿ ಇರುತ್ತವೆ. ಮುಂಬೈ 1995ರಲ್ಲಿ ತಂದ ನಿಯಮಗಳಿಂದ ಈ ಪದ್ಧತಿ ಹರಡಿತು. ಮೊದಲ ಶ್ರೇಣಿಯಲ್ಲಿ ಬಹುತೇಕ ಏನನ್ನೂ ಬದಲಿಸುವಂತಿಲ್ಲ, ಎರಡರಲ್ಲಿ ಒಳಗಿನ ಬದಲಾವಣೆಗೆ ಅವಕಾಶ, ಮೂರರಲ್ಲಿ ಇನ್ನಷ್ಟು ಸಡಿಲ.

ನೆಲ ಅಗೆಯುವಾಗ ಶಾಸನ, ವೀರಗಲ್ಲು, ನಾಣ್ಯ ಸಿಕ್ಕರೆ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಿ. ನಿಧಿಗೆ 1962ರ ರಾಜ್ಯ ಕಾಯ್ದೆಯಿದೆ. ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಹಾಸಿಕೊಂಡ ಹಿತ್ತಿಲುಗಳು ಈಗಲೂ ಇವೆ, ಮಗುಚಿ ನೋಡಿ.

ಆಸ್ತಿ ಭಾಗವಾಗುತ್ತಿದೆ. ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಬೇಕೆನ್ನುತ್ತಾರೆ.

ಹಳೇ ಮನೆಗಳನ್ನು ಕೊಂದದ್ದರಲ್ಲಿ ಮಳೆಗಿಂತ ವಿಭಾಗಪತ್ರದ ಪಾಲು ದೊಡ್ಡದು. ತೊಟ್ಟಿಯ ನಡುವೆ ಗೋಡೆ ಬಂದರೆ ಎರಡೂ ಕಡೆ ಕತ್ತಲೆ. ಆದ್ದರಿಂದ ಮೌಲ್ಯಮಾಪನ ವಿಭಾಗಪತ್ರ ಬರೆಸುವ ಮುಂಚೆಯೇ ಆಗಲಿ. ತೊಟ್ಟಿ, ಪಡಸಾಲೆ, ದೇವರ ಕೋಣೆ ಜಂಟಿಯಾಗಿ ಉಳಿದು, ಸುತ್ತಲ ಕೋಣೆ, ಹಿತ್ತಿಲ ಜಾಗ ಹಂಚಿಕೆಯಾಗುವಂತೆ ಬರೆಸಬಹುದು. ಅಥವಾ ಒಬ್ಬರು ಮನೆ ಇಟ್ಟುಕೊಂಡು ಉಳಿದವರಿಗೆ ತೋಟವನ್ನೋ ಹಣವನ್ನೋ ಕೊಡಬಹುದು. ಜಗಳ ಮುಗಿಯುವುದಿಲ್ಲ ಎಂದಾದರೆ ಗೋಡೆಯ ಬದಲು ಬಿಚ್ಚಬಹುದಾದ ಮರದ ಅಡ್ಡತಡಿಕೆಯಾದರೂ ಇರಲಿ. ಮುಂದಿನ ತಲೆಮಾರು ಮಾತಾಡಿಕೊಂಡರೆ ತೆಗೆದಾರು.

ಕಂಬ, ಬಾಗಿಲು ಮಾರಿದರೆ ಒಳ್ಳೇ ಬೆಲೆ ಬರುತ್ತದಂತೆ. ಅಥವಾ ಇಡೀ ಮನೆಯನ್ನೇ ಬಿಚ್ಚಿ ಬೇರೆ ಕಡೆ ಕಟ್ಟಬಹುದೇ?

ಸಾಧ್ಯ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಹೀಗೆ ಅಳಿವಿನಂಚಿನ ಮನೆಗಳನ್ನು ಬಿಡಿಬಿಡಿಯಾಗಿ ತಂದು ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ, ಮುಧೋಳದ ದರ್ಬಾರ್ ಹಾಲ್ ಅಲ್ಲಿವೆ. ಪ್ರತಿ ತುಂಡಿಗೂ ಸಂಖ್ಯೆ ಹಾಕಿ, ನಕ್ಷೆ ಬರೆದು ಮಾಡಬೇಕಾದ ತಪಸ್ಸು ಅದು. ಗುಜರಿಯವರು ಲಾರಿ ತಂದು ತೂಕದ ಲೆಕ್ಕದಲ್ಲಿ ಒಯ್ಯುವುದು ಬೇರೆ. ರೆಸಾರ್ಟಿನ ಬಾರಿನಲ್ಲಿ ನಿಂತ ಕಂಬಕ್ಕೆ ಊರಿಲ್ಲ, ಹೆಸರಿಲ್ಲ.

ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೂ ಇದೇ ಕ್ರಮವೇ?

ಇದೇ ಕ್ರಮ, ಇನ್ನೂ ತುರ್ತಾಗಿ. ಹಳೇ ಕಲ್ಲಿನ ಮೇಲೆ ಆಯಿಲ್ ಪೇಂಟ್, ಶಾಸನದ ಮೇಲೆ ಟೈಲ್ಸ್, ಶುಚಿಗೆ ಸ್ಯಾಂಡ್ ಬ್ಲಾಸ್ಟಿಂಗ್, ಮುಂದೆ ಆರ್‌ಸಿಸಿ ಮಂಟಪ, ದಾನಿಗಳ ಹೆಸರಿನ ಗ್ರಾನೈಟ್ ಫಲಕ: ಭಕ್ತಿಯಿಂದಲೇ ಆಗುವ ಹಾನಿ ಇದು, ಆದ್ದರಿಂದ ಹೇಳುವುದೂ ಕಷ್ಟ. ಮರಳು ಎರಚಿ ಉಜ್ಜಿದರೆ ಬಳಪದ ಕಲ್ಲಿನ ಕೆತ್ತನೆಯ ಅಂಚೇ ಹೋಗುತ್ತದೆ, ಮತ್ತೆ ಬರುವುದಿಲ್ಲ. ಮುಜರಾಯಿ ದೇವಸ್ಥಾನವಾದರೆ ಇಲಾಖೆಯ ಒಪ್ಪಿಗೆ ಬೇಕು. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಹಳೇ ದೇವಾಲಯಗಳನ್ನು ಮೂಲ ಕಲ್ಲುಗಳಿಂದಲೇ ಎತ್ತಿ ನಿಲ್ಲಿಸುವ ಕೆಲಸ ಮಾಡುತ್ತ ಬಂದಿದೆ. ಅವರು ಮಾಡಿದ ಒಂದು ಗುಡಿಯನ್ನು ಸಮಿತಿಯವರೆಲ್ಲ ಹೋಗಿ ನೋಡಿಬನ್ನಿ.

ಯಾರನ್ನು ಕರೆಯಬೇಕು? ವರದಿಯಲ್ಲಿ ಏನಿರಬೇಕು?

ಸಂರಕ್ಷಣೆಯಲ್ಲಿ ಓದಿ ಪಳಗಿದ ವಾಸ್ತುಶಿಲ್ಪಿ ಉತ್ತಮ. ಇನ್‌ಟ್ಯಾಕ್‌ನ ಸ್ಥಳೀಯ ಘಟಕದಲ್ಲಿ ವಿಚಾರಿಸಿದರೆ ಹೆಸರುಗಳು ಸಿಗುತ್ತವೆ. ಅವರು ಹಿಂದೆ ಮಾಡಿದ ಕೆಲಸವನ್ನು ಕಣ್ಣಾರೆ ನೋಡಿ, ಅದೂ ಒಂದೆರಡು ಮಳೆಗಾಲ ಕಳೆದ ಮೇಲೆ. ರಿಪೇರಿ ಮಾಡುವ ಕಂಟ್ರಾಕ್ಟರ್ ಬಳಿಯೇ ಮೌಲ್ಯಮಾಪನ ಮಾಡಿಸಬೇಡಿ.

ವರದಿ ದಪ್ಪಗಿರಬೇಕಾಗಿಲ್ಲ. ಅಳತೆ ನಕ್ಷೆ, ಪ್ರತಿ ಕೋಣೆಯ ನಾಲ್ಕೂ ಗೋಡೆಯ ಫೋಟೋ, ಯಾವ ಕಾಲದಲ್ಲಿ ಏನು ಸೇರಿತು ಎಂಬ ಟಿಪ್ಪಣಿ, ಬಣ್ಣ ಹಚ್ಚಿದ ಮಹತ್ವದ ನಕ್ಷೆ, ದುಃಸ್ಥಿತಿ ಎಲ್ಲಿದೆ ಎಂಬ ಪಟ್ಟಿ, ಈ ಮನೆ ಯಾಕೆ ಮುಖ್ಯ ಎಂದು ಒಂದೇ ಪುಟದಲ್ಲಿ ನೇರವಾಗಿ ಬರೆದ ಹೇಳಿಕೆ. ಆ ಒಂದು ಪುಟವನ್ನು ಕನ್ನಡದಲ್ಲೇ ಬರೆಸಿ; ಮೇಸ್ತ್ರಿಗೂ ಓದಲು ಬರಬೇಕು.

ಮಹತ್ವದ್ದು ಏನೂ ಇಲ್ಲ ಎಂದು ವರದಿ ಬಂದರೆ?

ಹಾಗೂ ಬರುತ್ತದೆ. ಆಗ ನಿಶ್ಚಿಂತೆಯಿಂದ ನಿಮ್ಮ ಯೋಜನೆ ಮುಂದುವರಿಸಿ. ಆದರೆ ವರದಿ ‘ಶಿಥಿಲ, ಹಾಗಾಗಿ ಮಹತ್ವವಿಲ್ಲ’ ಎಂದು ಬರೆದಿದ್ದರೆ ವಾಪಸ್ ಕಳಿಸಿ. ದುಃಸ್ಥಿತಿಯೂ ಮೌಲ್ಯವೂ ಎರಡು ಬೇರೆ ಲೆಕ್ಕ. ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣವನ್ನು ವರ್ಷಗಳ ಕಾಲ ಹಾಳುಬೀಳಲು ಬಿಟ್ಟು 2017ರಲ್ಲಿ ಕೆಡವಲಾಯಿತು. ಹಾಳಾದದ್ದು ಗೋಡೆ, ಮಹತ್ವ ಅಲ್ಲ. ಬೆಂಗಳೂರಿನ ಅಠಾರಾ ಕಚೇರಿಯನ್ನೂ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ನ್ಯಾಯಾಲಯದ ಮೆಟ್ಟಿಲೇರಿದರು, ಕಟ್ಟಡ ಉಳಿಯಿತು. ಇಂದಿಗೂ ಅಲ್ಲಿ ಹೈಕೋರ್ಟ್ ಕಲಾಪ ನಡೆಯುತ್ತಿದೆ.